ಕಲೆಯನ್ನೇ ಕಾಯಕವೆಂದು ನಂಬಿದ ಗುಬ್ಬಿ ವೀರಣ್ಣನವರು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ನಮ್ಮ ಜನರಿಗೆ ಆಟವೆಂದರೆ ಯಕ್ಷಗಾನವೇ. ಮಳೆಗಾಲದಲ್ಲಿ ಮನೆಯ ಜಗಲಿಯ ಮೇಲೆ ತಾಳಮದ್ದಳೆ, ಕೊಯ್ಲು ಮುಗಿದ ಮೇಲೆ ಗದ್ದೆಯ ಬಯಲಿನಲ್ಲಿ ಮೇಳದ ಆಟ. ಇರುಳಿಡೀ ನಡೆಯುವ ಆ ಆಟದಲ್ಲಿ ತೂಕಡಿಸುವ ಮಕ್ಕಳು ಎದ್ದು ಕೂರುತ್ತಿದ್ದುದು ಹಾಸ್ಯಗಾರನ ಪ್ರವೇಶಕ್ಕೆ. ಬೆಳಗಾದ ಮೇಲೆ ಅದೇ ಹಾಸ್ಯಗಾರನಿಗೆ ಊರಿನಲ್ಲಿ ಎಷ್ಟು ಮರ್ಯಾದೆ ಸಲ್ಲುತ್ತಿತ್ತೆಂದು ನಾವು ಕೇಳಿಕೊಂಡದ್ದು ಕಡಿಮೆ. ನಗಿಸುವವನನ್ನು ಲೋಕವು ಪ್ರೀತಿಸುತ್ತದೆ. ಗೌರವಿಸಲು ಮಾತ್ರ ಹಿಂಜರಿಯುತ್ತದೆ. ಈ ಹಿಂಜರಿಕೆಯ ಎದುರಿನಲ್ಲಿಯೇ ಜೀವಮಾನವನ್ನು ಕಳೆದು, ನಾಟಕದವರೆಂಬ ಮಾತಿಗೆ ಘನತೆಯನ್ನು ತಂದುಕೊಟ್ಟವರು ನಾಟಕರತ್ನ ಗುಬ್ಬಿ ವೀರಣ್ಣನವರು.

ವಿದ್ಯಾಸಂಸ್ಥೆಯ ಸ್ಮರಣ ಸಂಪುಟದಲ್ಲಿ ನಟರೊಬ್ಬರ ಚರಿತ್ರೆಗೆ ಏನು ಸ್ಥಾನವೆಂದು ಯಾರಾದರೂ ಕೇಳಿಯಾರು. ಅಂಥವರು ಒಮ್ಮೆ ಹನ್ನೆರಡನೆಯ ಶತಮಾನದ ಶರಣ ಸಮೂಹದತ್ತ ನೋಡಬೇಕು. ಅಲ್ಲಿ ನಗೆಯ ಮಾರಿತಂದೆಗಳಿದ್ದಾರೆ, ಬಹುರೂಪಿ ಚೌಡಯ್ಯನವರಿದ್ದಾರೆ. ನಗಿಸುವುದು ಒಬ್ಬರ ಕಾಯಕ, ವೇಷ ಕಟ್ಟಿ ಆಡುವುದು ಮತ್ತೊಬ್ಬರ ಕಾಯಕ. ಇಬ್ಬರೂ ವಚನಕಾರರೆಂದು ಮಾನ್ಯರಾದವರು. ವೀರಣ್ಣನವರು ತಮ್ಮ ಆತ್ಮಕಥೆಗೆ ‘ಕಲೆಯೇ ಕಾಯಕ’ ಎಂಬ ಹೆಸರನ್ನಿತ್ತುದು ಈ ಪರಂಪರೆಯ ಮಾತಿನಲ್ಲಿಯೇ.

ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ, 1891ರಲ್ಲಿ, ವೀರಶೈವ ಮನೆತನವೊಂದರಲ್ಲಿ ಅವರ ಜನನವಾಯಿತು. ಅದಕ್ಕೂ ಏಳು ವರ್ಷ ಮೊದಲು, 1884ರಲ್ಲಿ, ಊರಿನ ಕಲಾಸಕ್ತರು ಕೂಡಿ ಊರದೇವರ ಹೆಸರಿನಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವನ್ನು ಸ್ಥಾಪಿಸಿದ್ದರು. ಬಾಲಕ ವೀರಣ್ಣನು ಆ ಸಂಘವನ್ನು ಸೇರಿದಾಗ ಆರು ವರ್ಷದ ಹಸುಳೆ. ಓರಗೆಯ ಹುಡುಗರು ಮರಳಿನ ಮೇಲೆ ಅಕ್ಷರ ತಿದ್ದುವ ವಯಸ್ಸಿನಲ್ಲಿ ಈತನು ಮಾತು ಬಾಯಿಪಾಠ ಮಾಡುತ್ತ, ತಾಳಕ್ಕೆ ಕಾಲು ಹಾಕುತ್ತ ಬೆಳೆದನು. ರಂಗವೇ ಶಾಲೆ, ಹಿರಿಯ ನಟರೇ ಗುರುಗಳು. ದೂರದ ಲಂಡನ್ನಿನಲ್ಲಿ ಇವರಿಗಿಂತ ಎರಡೇ ವರ್ಷ ಮೊದಲು ಹುಟ್ಟಿದ ಚಾರ್ಲಿ ಚಾಪ್ಲಿನ್ನನೂ ಹೀಗೆಯೇ ಬಾಲ್ಯದಲ್ಲಿ ರಂಗವನ್ನು ಹತ್ತಿದವನೆಂಬುದು ನೆನಪಾಗುತ್ತದೆ. ಆದರೆ ಚಾಪ್ಲಿನ್ನನು ಹುಟ್ಟಿದ ನಾಡನ್ನು ಬಿಟ್ಟು ಅಮೆರಿಕದಲ್ಲಿ ಹೆಸರು ಗಳಿಸಿದನು. ವೀರಣ್ಣನವರು ಹುಟ್ಟಿದೂರಿನ ಹೆಸರನ್ನೇ ಹೊತ್ತು ನಾಡೆಲ್ಲ ತಿರುಗಿದರು.

ಅವರಿಗೆ ಕೀರ್ತಿಯನ್ನು ತಂದ ಪಾತ್ರ ‘ಸದಾರಮೆ’ ನಾಟಕದ ಕಳ್ಳನದು. ನಾಯಕನಲ್ಲ, ರಾಜನಲ್ಲ, ಪ್ರತಿನಾಯಕನೆಂದು ಕರೆಯುವಷ್ಟು ದೊಡ್ಡವನೂ ಅಲ್ಲ. ಸದಾರಮೆಯನ್ನು ಅಪಹರಿಸಿ ಕೊಂಡೊಯ್ದು, ಕಡೆಗೆ ಅವಳ ಜಾಣ್ಮೆಯ ಮುಂದೆ ತಾನೇ ಮೋಸಹೋಗುವ ಪೆದ್ದು. ಇಂತಹ ಪಾತ್ರವನ್ನು ಸಾಮಾನ್ಯ ನಟನು ಕೈಗೊಂಡರೆ ಎರಡು ಕುಚೇಷ್ಟೆಗಳಲ್ಲಿ ಮುಗಿಸಿಬಿಡುತ್ತಾನೆ. ವೀರಣ್ಣನವರ ಕೈಯಲ್ಲಿ ಅದು ನಾಟಕದ ಜೀವವೇ ಆಯಿತು. ಕಳ್ಳನ ದುರಾಸೆಯನ್ನು ಕಂಡು ನಕ್ಕ ಸಭೆ, ಅವನು ಮೋಸಹೋದಾಗ ಅವನ ಮೇಲೆಯೇ ಕನಿಕರಪಡುತ್ತಿತ್ತು. ಹಾಸ್ಯವು ಪಾತ್ರದ ಒಳಗಿನಿಂದ ಹೊಮ್ಮಬೇಕು, ಮೇಲಿನಿಂದ ಅಂಟಿಸಿದ್ದಾಗಬಾರದು ಎಂಬ ತತ್ತ್ವವನ್ನು ಈ ಒಂದು ಪಾತ್ರದಿಂದಲೇ ಕಲಿಯಬಹುದಾಗಿತ್ತು. ವೃತ್ತಿ ನಾಟಕಗಳ ಹಾಸ್ಯವು ಹಲವೊಮ್ಮೆ ಎರಡರ್ಥದ ಮಾತಿಗೆ ಇಳಿದುದುಂಟು. ಆ ದೂರು ನಿರಾಧಾರವಾದುದೂ ಅಲ್ಲ. ಆದುದರಿಂದಲೇ ಕುಟುಂಬ ಸಮೇತರಾಗಿ ನೋಡಬಹುದಾದ ನಾಟಕವೆಂಬ ನಂಬಿಕೆಯನ್ನು ಗುಬ್ಬಿ ಕಂಪನಿಯು ಗಳಿಸಿದುದು ಸಣ್ಣ ಸಾಧನೆಯಲ್ಲ. ‘ವರ್ಸಟೈಲ್ ಕಮೆಡಿಯನ್’ ಎಂಬ ಬಿರುದು ಅವರ ಹೆಸರಿನೊಡನೆ ಬೆಸೆದುಹೋಯಿತು.

1917ರಲ್ಲಿ ಕಂಪನಿಯ ಒಡೆತನವು ಅವರ ಪಾಲಿಗೆ ಬಂದಿತು. ಇಲ್ಲಿಂದ ಮುಂದೆ ಅವರ ಬಾಳಿನಲ್ಲಿ ಎರಡು ವೇಷಗಳು. ರಾತ್ರಿ ರಂಗದ ಮೇಲೆ ಲೋಕವನ್ನು ನಗಿಸುವ ಕಳ್ಳ. ಹಗಲು ನೂರಾರು ಜನರ ಅನ್ನದ ಹೊಣೆ ಹೊತ್ತ ಯಜಮಾನ. ನಾಟಕ ಕಂಪನಿಯೆಂದರೆ ಚಲಿಸುವ ಒಂದು ಊರು. ನಟರು, ಹಾರ್ಮೋನಿಯಂ ತಬಲಾದವರು, ಪರದೆ ಬರೆಯುವವರು, ಬಡಗಿಗಳು, ಅಡುಗೆಯವರು, ಅವರ ಮಡದಿ ಮಕ್ಕಳು. ಪೆಟ್ಟಿಗೆಗಟ್ಟಲೆ ಉಡುಪು, ಬಂಡಿಗಟ್ಟಲೆ ಸೀನು ಸೀನರಿ. ಒಂದು ಕ್ಯಾಂಪಿನಲ್ಲಿ ಗಳಿಸಿದುದನ್ನು ಮುಂದಿನ ಕ್ಯಾಂಪಿನ ಒಂದು ವಾರದ ಮಳೆಯು ತಿಂದುಹಾಕಬಲ್ಲದು. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಲ್ಲಾ ಪೆಟ್ಟಿಗೆ ತುಂಬಲಿ ಬಿಡಲಿ, ಒಲೆ ಉರಿಯಲೇಬೇಕು. ನಗಿಸುವವನ ಮನೆಯಲ್ಲಿ ಸದಾ ನಗೆಯಿರುತ್ತದೆಂದು ಭಾವಿಸುವವರು ಈ ಲೆಕ್ಕವನ್ನು ಅರಿಯರು.

ಹೀಗಿದ್ದೂ ವೀರಣ್ಣನವರು ಇದ್ದುದರಲ್ಲಿ ತೃಪ್ತರಾಗಿ ಕುಳಿತವರಲ್ಲ. ಗಂಡಸರೇ ಸ್ತ್ರೀಪಾತ್ರವನ್ನು ಧರಿಸುತ್ತಿದ್ದ ಕಾಲದಲ್ಲಿ ಸ್ತ್ರೀಯರನ್ನೇ ರಂಗಕ್ಕೆ ಕರೆತಂದ ಕಂಪನಿಗಳ ಮುಂಚೂಣಿಯಲ್ಲಿ ಗುಬ್ಬಿ ಕಂಪನಿಯಿತ್ತು. ಅವರ ಧರ್ಮಪತ್ನಿಯರಲ್ಲೊಬ್ಬರಾದ ಬಿ. ಜಯಮ್ಮನವರು ರಂಗ ಮತ್ತು ಚಿತ್ರ ಎರಡರಲ್ಲಿಯೂ ಹೆಸರಾದ ಕಲಾವಿದೆ. ಬೆಳ್ಳಾವೆ ನರಹರಿ ಶಾಸ್ತ್ರಿಗಳು, ಬಿ. ಪುಟ್ಟಸ್ವಾಮಯ್ಯನವರಂತಹ ಸಮರ್ಥ ಲೇಖಕರಿಂದ ನಾಟಕಗಳನ್ನು ಬರೆಸಿದರು. ಮಕ್ಕಳೇ ಅಭಿನಯಿಸುವ ಪ್ರತ್ಯೇಕ ಶಾಖೆಯನ್ನೂ ನಡೆಸಿದರು. ರಂಗಕ್ಕೆ ವಿದ್ಯುದ್ದೀಪವನ್ನು ತಂದರು. 1934ರ ‘ಕುರುಕ್ಷೇತ್ರ’ದಲ್ಲಿಯಂತೂ ಜೀವಂತ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದು ನಿಲ್ಲಿಸಿದರು. ಇಷ್ಟೊಂದು ಆಡಂಬರವು ಅಭಿನಯವನ್ನು ನುಂಗುವುದಿಲ್ಲವೇ ಎಂದು ವಿಮರ್ಶಕರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಯಕ್ಷಗಾನದಲ್ಲಿ ಒಂದೇ ಒಂದು ರಥವಿಲ್ಲದೆ ಕುರುಕ್ಷೇತ್ರವನ್ನು ಕಂಡ ನಮಗೆ ಅದು ಇನ್ನೂ ಸಹಜವಾದ ಪ್ರಶ್ನೆ. ಆದರೆ ಮಹಾಭಾರತವನ್ನು ಕಣ್ಣಾರೆ ಕಾಣಬೇಕೆಂಬ ಸಾಮಾನ್ಯನ ಹಂಬಲವನ್ನು ಅವರು ಬಲ್ಲವರಾಗಿದ್ದರು. ಆ ನಾಟಕವನ್ನು ಕನ್ನಡಿಗರು ಮಾತ್ರವಲ್ಲದೆ ತೆಲುಗರೂ ನೋಡಿ ಮೆಚ್ಚಿದರು.

ಚಲನಚಿತ್ರವೆಂಬ ಹೊಸ ಕಲೆಯು ಬಂದಾಗ ನಾಟಕದವರಲ್ಲಿ ಹಲವರು ಅದನ್ನು ಶತ್ರುವೆಂದೇ ಬಗೆದರು. ವೀರಣ್ಣನವರು ಮೂಕಿಚಿತ್ರಗಳ ಕಾಲದಲ್ಲಿಯೇ ಅದರೊಳಗೆ ಕಾಲಿಟ್ಟರು. 1932ರ ‘ಹರಿಮಾಯಾ’ ಅವರು ನಿರ್ಮಿಸಿದ ಮೂಕಿಚಿತ್ರಗಳಲ್ಲೊಂದು. ಈ ಸಾಹಸದಲ್ಲಿ ಕೈಸುಟ್ಟುಕೊಂಡದ್ದೇ ಹೆಚ್ಚು. ಆದರೂ ಬಿಡಲಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ವು ತೆರೆಕಂಡ ಮರುವರ್ಷವೇ, 1935ರಲ್ಲಿ, ‘ಸದಾರಮೆ’ಯು ಚಿತ್ರವಾಗಿ ಬಂದಿತು. ಬಳಿಕ 1941ರಲ್ಲಿ ‘ಸುಭದ್ರಾ’, 1942ರಲ್ಲಿ ‘ಜೀವನ ನಾಟಕ’, 1946ರಲ್ಲಿ ‘ಹೇಮರೆಡ್ಡಿ ಮಲ್ಲಮ್ಮ’. ಶಿವಶರಣೆ ಮಲ್ಲಮ್ಮನ ಚರಿತೆಯನ್ನು ಪುರಾಣ ಪ್ರವಚನಗಳಲ್ಲಿ ಕೇಳಿದ್ದ ಜನ ಅದನ್ನು ಬೆಳ್ಳಿತೆರೆಯ ಮೇಲೆ ಕಂಡರು.

1954ರ ‘ಬೇಡರ ಕಣ್ಣಪ್ಪ’ನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಶಿವನಿಗೆ ತನ್ನ ಕಣ್ಣನ್ನೇ ಕಿತ್ತಿತ್ತ ಬೇಡನ ಕಥೆಯು ಶಿವಭಕ್ತರ ಮನೆಮಾತು. ಮದರಾಸಿನ ಎ.ವಿ.ಎಂ. ಸಂಸ್ಥೆಯ ಸಹಯೋಗದಲ್ಲಿ, ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನದಲ್ಲಿ ಆ ಚಿತ್ರವು ಸಿದ್ಧವಾಯಿತು. ಕಣ್ಣಪ್ಪನ ಪಾತ್ರಕ್ಕೆ ಆರಿಸಲ್ಪಟ್ಟವರು, ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೊಡನೆ ಹುಡುಗನಾಗಿದ್ದಾಗಲೇ ಗುಬ್ಬಿ ಕಂಪನಿಯನ್ನು ಸೇರಿದ್ದ ಮುತ್ತುರಾಜ್. ಆ ಚಿತ್ರದಿಂದ ಅವರು ರಾಜಕುಮಾರ್ ಆದರು. ಜಿ.ವಿ. ಅಯ್ಯರ್, ಹಾಸ್ಯನಟ ನರಸಿಂಹರಾಜು ಅವರೂ ಅದೇ ಚಿತ್ರದಲ್ಲಿ ಅಭಿನಯಿಸಿದರು. ನಾಟಕ ಕಂಪನಿಗೆ ಚಿತ್ರರಂಗವು ಮುಳುವಾಯಿತೆಂದು ನಾವು ಮರುಗುತ್ತೇವೆ. ಆ ಚಿತ್ರರಂಗವನ್ನು ಕಟ್ಟಿದ ಕಲಾವಿದರಲ್ಲಿ ಬಹುಮಂದಿ ಕಂಪನಿಯ ಅನ್ನವುಂಡವರೆಂಬುದನ್ನು ಮರೆಯುತ್ತೇವೆ.

ಅಧ್ಯಾಪಕರಾದವರು ಅವಶ್ಯ ತಿಳಿಯಬೇಕಾದ ಪ್ರಸಂಗವೊಂದಿದೆ. ದಕ್ಷಿಣ ಕನ್ನಡದ ಹುಡುಗನೊಬ್ಬನು ನಾಟಕದ ಹುಚ್ಚಿನಿಂದ ಮನೆ ಬಿಟ್ಟು ಬಂದು ಗುಬ್ಬಿ ಕಂಪನಿಯನ್ನು ಸೇರಿಕೊಂಡನು. ಬಾಬುಕೋಡಿ ವೆಂಕಟರಮಣ ಕಾರಂತ ಎಂದು ಅವನ ಹೆಸರು. ಚುರುಕಾದ ಹುಡುಗ, ಹಾಡಬಲ್ಲವನು, ಕಂಪನಿಗೆ ಬೇಕಾದವನೇ. ಬೇರೆ ಯಜಮಾನರಾಗಿದ್ದರೆ ಅಂಥವನನ್ನು ಕೈಬಿಡುತ್ತಿರಲಿಲ್ಲ. ವೀರಣ್ಣನವರು ಅವನನ್ನು ಎಂ.ಎ. ಪದವಿಗಾಗಿ ದೂರದ ಬನಾರಸಿಗೆ ಕಳುಹಿಸಿದರು. ತಾವು ಆರನೆಯ ವಯಸ್ಸಿನಲ್ಲಿ ಬಣ್ಣ ಹಚ್ಚಿದವರು. ತಮಗೆ ದೊರೆಯದ ವಿದ್ಯೆಯು ಇನ್ನೊಬ್ಬರ ಮಗನಿಗೆ ದೊರೆಯಲೆಂದು ಬಯಸಿದರು. ಆ ಹುಡುಗನೇ ಮುಂದೆ ಬಿ.ವಿ. ಕಾರಂತರೆಂದು ಪ್ರಖ್ಯಾತರಾಗಿ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. 1989ರಲ್ಲಿ ಆರಂಭವಾದ ಮೈಸೂರಿನ ರಂಗಾಯಣಕ್ಕೆ ಆಕಾರವನ್ನಿತ್ತರು. ಆಧುನಿಕ ರಂಗಭೂಮಿಯವರು ಕಂಪನಿ ನಾಟಕವನ್ನು ಹಳತೆಂದು ಹಗುರವಾಗಿ ಕಂಡಾಗಲೂ ಕಾರಂತರ ರಂಗಸಂಗೀತದಲ್ಲಿ ಗುಬ್ಬಿ ಕಂಪನಿಯ ಹಾರ್ಮೋನಿಯಂ ದನಿಯು ಕೇಳುತ್ತಲೇ ಇದ್ದಿತು.

ಮನ್ನಣೆಗಳು ತಡವಾಗಿಯಾದರೂ ಬಂದವು. ಮೈಸೂರು ಅರಸರ ಆದರವು ಮೊದಲೇ ದೊರೆತಿತ್ತು. 1955ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 1972ರಲ್ಲಿ ಪದ್ಮಶ್ರೀ. ಅದೇ 1972ರ ಅಕ್ಟೋಬರ್ 18ರಂದು ವೀರಣ್ಣನವರು ಲಿಂಗೈಕ್ಯರಾದರು. ಬೆಂಗಳೂರಿನ ಗಾಂಧಿನಗರದಲ್ಲಿ ಅವರ ಹೆಸರಿನ ರಂಗಮಂದಿರವಿದೆ. ವೃತ್ತಿರಂಗಭೂಮಿಯ ಸಾಧಕರಿಗೆ ಕರ್ನಾಟಕ ಸರ್ಕಾರವು ನೀಡುವ ಪ್ರಶಸ್ತಿಯೂ ಅವರ ಹೆಸರನ್ನೇ ಹೊತ್ತಿದೆ.

ಅವರ ಮಗಳು ಮಾಲತಮ್ಮನವರೂ ರಂಗಕಲಾವಿದೆಯೇ. ಮಾಲತಮ್ಮನವರ ಮಗಳು ಬಿ. ಜಯಶ್ರೀ ಅವರು ಅಜ್ಜನ ಕಂಪನಿಯಲ್ಲಿ ಬಾಲನಟಿಯಾಗಿ ಬೆಳೆದು, ದೆಹಲಿಯ ನಾಟಕ ಶಾಲೆಯಲ್ಲಿ ವ್ಯಾಸಂಗ ಮಾಡಿ, 2010ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. 2013ರಲ್ಲಿ ಪದ್ಮಶ್ರೀ ಪುರಸ್ಕೃತರಾದರು. ತಮ್ಮ ಸ್ಪಂದನ ತಂಡದಿಂದ ಅವರು ‘ಸದಾರಮೆ’ಯನ್ನು ಮತ್ತೆ ರಂಗಕ್ಕೆ ತಂದಾಗ ತಾವು ಆರಿಸಿಕೊಂಡುದು ಸದಾರಮೆಯ ಪಾತ್ರವನ್ನಲ್ಲ. ಮೀಸೆ ಅಂಟಿಸಿಕೊಂಡು, ಅಜ್ಜನ ಕಳ್ಳನಾಗಿ ಅವರು ರಂಗಕ್ಕೆ ಬಂದರು; ಸಭೆಯು ಮತ್ತೆ ನಕ್ಕಿತು.