ರಾಮನ್ ಕಂಡ ಮಸುಕು ಬೆಳಕು ಮತ್ತು ಬಾಯಿಯೊಳಗಿನ ಬಿಳಿ ಮಚ್ಚೆ

ಫೆಬ್ರವರಿ 28 ಸರ್ ಸಿ.ವಿ. ರಾಮನ್ ಅವರ ಹುಟ್ಟುಹಬ್ಬ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದೇವೆ. ಅದು ತಪ್ಪು. ಅವರು ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ಫೆಬ್ರವರಿ 28 ಅವರ ಶೋಧದ ದಿನ. ಇಂದು ಆ ಶೋಧ ಕ್ಯಾನ್ಸರ್ ಪತ್ತೆಗೂ ಬರುತ್ತಿದೆ.

1907ರಲ್ಲಿ ಕಲ್ಕತ್ತೆಗೆ ಬಂದಾಗ ರಾಮನ್ ಸರ್ಕಾರದ ಲೆಕ್ಕಪತ್ರ ಇಲಾಖೆಯ ಅಧಿಕಾರಿ. ಕಚೇರಿಗೆ ಮುಂಚೆ, ಕಚೇರಿ ಬಿಟ್ಟ ಮೇಲೆ ಪ್ರಯೋಗಾಲಯ. 1917ರಲ್ಲಿ ಆ ಹುದ್ದೆ ಬಿಟ್ಟು, ಕಡಿಮೆ ಸಂಬಳಕ್ಕೆ ಪ್ರಾಧ್ಯಾಪಕರಾದರು. ಮನೆಯವರು ಏನೆಂದರೋ! 1921ರಲ್ಲಿ ಹಡಗಿನಲ್ಲಿ ಮರಳುವಾಗ ಮೆಡಿಟರೇನಿಯನ್ ಕಡಲಿನ ನೀಲಿ ಅವರನ್ನು ಕಾಡಿತು. ನೀರು ಬೆಳಕನ್ನು ಹೇಗೆ ಚದುರಿಸುತ್ತದೆ ಎಂಬ ಆ ಹುಡುಕಾಟ 1928ರವರೆಗೆ ನಡೆಯಿತು.

ಶಿಷ್ಯ ಕೆ.ಎಸ್. ಕೃಷ್ಣನ್ ಜೊತೆ ಅವರು ಕಂಡದ್ದಿಷ್ಟು: ಒಂದೇ ಬಣ್ಣದ ಬೆಳಕನ್ನು ದ್ರವಕ್ಕೆ ಹಾಯಿಸಿದರೆ ಚದುರಿದ ಬೆಳಕಿನಲ್ಲಿ ಹೆಚ್ಚಿನದು ಅದೇ ಬಣ್ಣದ್ದು. ಸುಮಾರು ಕೋಟಿಗೊಂದು ಕಣ ಮಾತ್ರ ಬಣ್ಣ ಬದಲಿಸಿರುತ್ತದೆ. ಎಷ್ಟು ಬದಲಾಯಿತು ಎಂಬುದು ಆ ವಸ್ತುವಿನ ಅಣುಗಳ ಕಂಪನವನ್ನು ಅವಲಂಬಿಸಿದೆ. ಅಂದರೆ ಅದು ಅಣುವಿನ ಬೆರಳಚ್ಚು! 1930ರಲ್ಲಿ ನೊಬೆಲ್ ಬಂತು. 1933ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ ನಿರ್ದೇಶಕರಾಗಿ ಬಂದವರು ಇಲ್ಲಿಯವರೇ ಆದರು.

ಈಗ ಕ್ಯಾನ್ಸರ್ ವಿಷಯ. ಹೊಗೆಸೊಪ್ಪು, ಅಡಿಕೆ ಜಗಿಯುವವರ ಬಾಯಲ್ಲಿ ಬಿಳಿ ಮಚ್ಚೆ ಏಳುವುದುಂಟು. ಎಲ್ಲವೂ ಕ್ಯಾನ್ಸರ್ ಆಗುವುದಿಲ್ಲ. ಯಾವುದು ಆಗುತ್ತದೆ? ವೈದ್ಯರು ಒಂದು ಚೂರು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು; ಎಲ್ಲಿ ಕತ್ತರಿಸಬೇಕು ಎಂಬುದನ್ನು ಬಹುಮಟ್ಟಿಗೆ ಕಣ್ಣಳತೆಯಿಂದಲೇ ನಿರ್ಧರಿಸುತ್ತಾರೆ. ಆದರೆ ಕೆಡುತ್ತಿರುವ ಜೀವಕೋಶದಲ್ಲಿ ಪ್ರೋಟೀನ್, ಕೊಬ್ಬು, ಡಿಎನ್‌ಎಗಳ ಪ್ರಮಾಣ ಬದಲಾಗಿರುತ್ತದೆ. ಕತ್ತರಿಸದೆಯೇ ಅದನ್ನು ಹೇಳಬಲ್ಲದ್ದು ರಾಮನ್ ಬೆಳಕು.

ರಾಮನ್ ಕಾಲದ ಪಾದರಸದ ದೀಪದಿಂದ ಇದು ಆಗದ ಮಾತು. ಒಂದು ಫೋಟೋ ಮೂಡಲು ಗಂಟೆಗಟ್ಟಲೆ ಬೇಕಿತ್ತು. 1960ರಲ್ಲಿ ಲೇಸರ್ ಬಂತು. ಆಮೇಲೆ ಕೂದಲಿನಷ್ಟು ತೆಳುವಾದ ಗಾಜಿನ ಎಳೆಗಳು, ಸೂಕ್ಷ್ಮ ಸಂವೇದಕಗಳು ಬಂದವು. ಇನ್ನೊಂದು ತೊಡಕೂ ಇತ್ತು: ಲೇಸರ್ ಬಿದ್ದಾಗ ಅಂಗಾಂಶ ತಾನೇ ಹೊಳೆಯುತ್ತದೆ, ಆ ಹೊಳಪಿನಲ್ಲಿ ರಾಮನ್ ಬೆಳಕು ಮುಳುಗಿಹೋಗುತ್ತದೆ. ಅದಕ್ಕೇ ಎಂಜಿನಿಯರರು 785 ನ್ಯಾನೋಮೀಟರಿನ, ಕಣ್ಣಿಗೆ ಬಹುಮಟ್ಟಿಗೆ ಕಾಣದ ಅವಕೆಂಪು ಲೇಸರ್ ಆರಿಸಿಕೊಂಡರು. ಈಗ ಕೆಲವು ಸೆಕೆಂಡು ಸಾಕು. ಬಾಯಿ ಕ್ಯಾನ್ಸರ್ ಮೇಲೆ ಇಂಥ ಪ್ರಯೋಗಗಳು ನಮ್ಮ ಮಣಿಪಾಲದಲ್ಲೂ ನಡೆದಿವೆ.

ಹಾಗೆಂದು ಬಯಾಪ್ಸಿ ಬೇಡವಾಯಿತೆಂದು ತಿಳಿಯಬೇಡಿ. ಎರಡು ವಾರಕ್ಕೂ ಮಾಯದ ಮಚ್ಚೆಯನ್ನು ಇಂದೂ ವೈದ್ಯರಿಗೇ ತೋರಿಸಬೇಕು.