ಶುಂಠಿ, ಸುಳ್ಳು ಮತ್ತು ಗೋವಾದ ವೈದ್ಯ: ಗಾರ್ಸಿಯಾ ದ ಓರ್ತಾ ಯಾರು?

ಶುಂಠಿ ಕೀಮೋಥೆರಪಿಗಿಂತ 10,000 ಪಟ್ಟು ಶಕ್ತಿಶಾಲಿ ಎನ್ನುವ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. 2020ರಲ್ಲಿ ಇದೇ ಶುಂಠಿ ಕೊರೊನಾವನ್ನು ತಡೆಯುತ್ತದೆ ಎಂದು ಓಡಾಡಿತ್ತು. ಹೃದಯದ ಬ್ಲಾಕೇಜ್ ಕರಗಿಸುವ ಕಷಾಯದಲ್ಲೂ ಇದೆ, ತೂಕ ಇಳಿಸುವ ನೀರಿನಲ್ಲೂ ಇದೆ. ಇಂಥ ಮೆಸೇಜುಗಳಲ್ಲಿ ಕೊನೆಗೊಂದು ಸಾಲು ಇದ್ದೇ ಇರುತ್ತದೆ: ಇದು ನಮ್ಮ ಹಿರಿಯರಿಗೆ ಸಾವಿರಾರು ವರ್ಷಗಳ ಹಿಂದೆಯೇ ಗೊತ್ತಿತ್ತು.

ಹಿಂದಿನವರು ಬರೆದಿದ್ದಾರೆ ಎಂದ ಮಾತ್ರಕ್ಕೆ ಒಪ್ಪಬೇಕೇ? ಈ ಪ್ರಶ್ನೆಯನ್ನು ನಮ್ಮ ಪಕ್ಕದ ಗೋವಾದಲ್ಲಿ ಕೂತು ಒಬ್ಬ ವೈದ್ಯ 460 ವರ್ಷಗಳ ಹಿಂದೆಯೇ ಕೇಳಿದ್ದ. ಶುಂಠಿಯ ಬಗ್ಗೆಯೂ ಕೇಳಿದ್ದ. ಆತನ ಹೆಸರು ಗಾರ್ಸಿಯಾ ದ ಓರ್ತಾ.

ಓರ್ತಾ ಹುಟ್ಟಿದ್ದು 1501ರ ಆಸುಪಾಸು, ಪೋರ್ಚುಗಲ್‌ನ ಕಾಸ್ತೆಲೊ ದ ವೀದೆ ಎಂಬ ಗಡಿ ಊರಿನಲ್ಲಿ. ಮನೆಯವರು ಯಹೂದಿಗಳು. 1492ರಲ್ಲಿ ಸ್ಪೇನ್ ತನ್ನ ಯಹೂದಿಗಳನ್ನೆಲ್ಲ ಹೊರಹಾಕಿದಾಗ ಗಡಿ ದಾಟಿ ಬಂದವರು. ಬಂದು ಐದು ವರ್ಷವೂ ನೆಮ್ಮದಿಯಿಂದ ಇರಲಾಗಲಿಲ್ಲ. 1497ರಲ್ಲಿ ಪೋರ್ಚುಗಲ್ ರಾಜ ಯಹೂದಿಗಳನ್ನು ಬಲವಂತವಾಗಿ ಕ್ರೈಸ್ತರನ್ನಾಗಿ ಮಾಡಿದ. ಇಂಥವರನ್ನು ಹೊಸ ಕ್ರೈಸ್ತರು ಎಂದು ಕರೆಯುತ್ತಿದ್ದರು. ಹೆಸರೇ ಸಾಕಿತ್ತು, ಇವರ ಮೇಲೆ ಅನುಮಾನದ ಕಣ್ಣು ಇಡೀ ಜೀವನ ಇರುತ್ತಿತ್ತು. ಓರ್ತಾ ಹೊರಗೆ ಕ್ರೈಸ್ತನಾಗಿ ಬೆಳೆದ. ಮನೆಯೊಳಗೆ ಹಳೆಯ ನಂಬಿಕೆ ಉಳಿದಿತ್ತು.

ಓದಿದ್ದು ಸ್ಪೇನಿನ ಸಲಮಾಂಕಾ ಮತ್ತು ಅಲ್ಕಲಾ ವಿಶ್ವವಿದ್ಯಾಲಯಗಳಲ್ಲಿ. ಆಗಿನ ವೈದ್ಯ ಶಿಕ್ಷಣ ಎಂದರೆ ಪುಸ್ತಕ ಪಾಠ. ಗ್ರೀಕರ ಗೇಲನ್, ಡಯೊಸ್ಕೊರಿಡಿಸ್, ಅರಬ್ ಜಗತ್ತಿನ ಇಬ್ನ್ ಸೀನಾ. ಇವರು ಹೇಳಿದ್ದೇ ಕೊನೆಯ ಮಾತು. ಗಿಡ ನೋಡಬೇಕಿರಲಿಲ್ಲ, ಗಿಡದ ಬಗ್ಗೆ ಬರೆದದ್ದು ಬಾಯಿಪಾಠ ಇದ್ದರೆ ಸಾಕಿತ್ತು. ಓದು ಮುಗಿಸಿ ಊರಿಗೆ ಮರಳಿದ ಓರ್ತಾ ವೈದ್ಯಕೀಯ ಮಾಡಿದ, ಲಿಸ್ಬನ್ ವಿಶ್ವವಿದ್ಯಾಲಯದಲ್ಲಿ ಪಾಠವನ್ನೂ ಹೇಳಿದ.

1534ರ ಮಾರ್ಚ್‌ನಲ್ಲಿ ಆತ ಮಾರ್ಟಿಮ್ ಅಫೊನ್ಸೊ ದ ಸೌಜಾ ಎಂಬ ನೌಕಾ ಸೇನಾನಿಯ ಖಾಸಗಿ ವೈದ್ಯನಾಗಿ ಹಡಗು ಹತ್ತಿದ. ಸೆಪ್ಟೆಂಬರ್‌ನಲ್ಲಿ ಗೋವಾ ತಲುಪಿದ. ಇದು ಬರೀ ಸಾಹಸದ ಆಸೆಯಾಗಿರಲಿಲ್ಲ ಎಂದು ಇತಿಹಾಸಕಾರರು ಊಹಿಸುತ್ತಾರೆ. ಮುಂದಿನ ಎರಡೇ ವರ್ಷದಲ್ಲಿ, 1536ರಲ್ಲಿ, ಪೋರ್ಚುಗಲ್‌ನಲ್ಲಿ ಇನ್‌ಕ್ವಿಸಿಷನ್ ಶುರುವಾಯಿತು. ಅಂದರೆ ಮತದ್ರೋಹದ ವಿಚಾರಣೆ ನಡೆಸುವ ಚರ್ಚಿನ ನ್ಯಾಯಾಲಯ. ಹೊಸ ಕ್ರೈಸ್ತರಲ್ಲಿ ಯಾರು ಗುಟ್ಟಾಗಿ ಹಳೆಯ ಧರ್ಮ ಪಾಲಿಸುತ್ತಾರೆ ಎಂದು ಹುಡುಕುವುದೇ ಅದರ ಮುಖ್ಯ ಕೆಲಸ.

ಆತ ಬಂದಿಳಿದ ಗೋವಾ, ಕಾಲು ಶತಮಾನದ ಹಿಂದಿನವರೆಗೂ ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿತ್ತು. 1510ರಲ್ಲಿ ಪೋರ್ಚುಗೀಸರು ಅದನ್ನು ಗೆದ್ದಿದ್ದರು. ಓರ್ತಾ ಕೆಲವು ವರ್ಷ ಸೌಜಾನ ಸೇನೆಯ ಜೊತೆ ದಿಯುವರೆಗೂ ಅಲೆದು, 1538ರ ಹೊತ್ತಿಗೆ ಗೋವಾದಲ್ಲೇ ನೆಲೆಯೂರಿದ. ಗವರ್ನರುಗಳಿಗೆ, ವೈಸರಾಯ್‌ಗಳಿಗೆ ಔಷಧಿ ಕೊಟ್ಟ. ಔಷಧ ಮತ್ತು ರತ್ನಗಳ ವ್ಯಾಪಾರವನ್ನೂ ಮಾಡಿದ. ಅಹ್ಮದ್‌ನಗರದ ಸುಲ್ತಾನ ಬುರ್ಹಾನ್ ನಿಜಾಮ್ ಶಾಹನಿಗಂತೂ ವೈದ್ಯನಷ್ಟೇ ಅಲ್ಲ, ಗೆಳೆಯನೂ ಆದ. ಸುಲ್ತಾನ ಈತನಿಗೆ ರೋಗ ಮತ್ತು ಔಷಧಗಳ ಅರಬ್ಬಿ ಹೆಸರು ಹೇಳಿಕೊಟ್ಟರೆ, ಈತ ಸುಲ್ತಾನನಿಗೆ ಲ್ಯಾಟಿನ್ ಹೆಸರು ಕಲಿಸುತ್ತಿದ್ದ. ಮುಂದೆ ಒಬ್ಬ ವೈಸರಾಯ್ ಆತನಿಗೆ ಒಂದು ದ್ವೀಪವನ್ನೇ ಗುತ್ತಿಗೆಗೆ ಕೊಟ್ಟ. ಆ ದ್ವೀಪವೇ ಇವತ್ತಿನ ಮುಂಬೈ! ಅಲ್ಲಿ ತನ್ನದೊಂದು ಮಾವಿನ ಮರ ವರ್ಷಕ್ಕೆ ಎರಡು ಸಲ ಕಾಯಿ ಬಿಡುತ್ತದೆ ಎಂದು ಹೆಮ್ಮೆಯಿಂದ ಬರೆದುಕೊಂಡಿದ್ದಾನೆ.

ಪುಸ್ತಕ ಹೇಳಿದ್ದು, ಕಣ್ಣು ಕಂಡದ್ದು

ಗೋವಾದಲ್ಲಿ ಓರ್ತಾನಿಗೆ ಒಂದು ವಿಚಿತ್ರ ಅರಿವಾಯಿತು. ತಾನು ಕಲಿತ ದೊಡ್ಡ ದೊಡ್ಡ ಪುಸ್ತಕಗಳನ್ನು ಬರೆದವರು ಈ ಗಿಡಗಳನ್ನು ನೋಡಿಯೇ ಇರಲಿಲ್ಲ. ಮೆಣಸು, ಏಲಕ್ಕಿ, ಇಂಗು, ಶುಂಠಿ ಎಲ್ಲವೂ ಅವರ ಕೈ ಸೇರುವ ಹೊತ್ತಿಗೆ ಒಣಗಿ, ಹತ್ತಾರು ವ್ಯಾಪಾರಿಗಳ ಕೈ ದಾಟಿ ಬಂದಿರುತ್ತಿದ್ದವು. ಸರಕಿನ ಜೊತೆ ಕಥೆಯೂ ಬರುತ್ತಿತ್ತು. ಡಯೊಸ್ಕೊರಿಡಿಸ್ ಶುಂಠಿ ಬೆಳೆಯುವುದು ಅರೇಬಿಯಾದ ಕಡೆ ಎಂದು ಬರೆದ. ಸರಕು ಕೆಂಪು ಸಮುದ್ರದ ದಾರಿಯಲ್ಲಿ ಬರುತ್ತಿದ್ದರಿಂದ ಊರೂ ಅದೇ ಇರಬೇಕು ಎಂದುಕೊಂಡದ್ದು ಸಹಜವೇ. ಶುಂಠಿ ಎಂದರೆ ಮೆಣಸಿನ ಗಿಡದ ಬೇರು ಎಂದು ನಂಬಿದವರೂ ರೋಮ್‌ನಲ್ಲಿದ್ದರು. ಮೂಲ ಎಲ್ಲಿ ಎಂದು ಗೊತ್ತಿಲ್ಲದ ಮಾಹಿತಿ, ಕೈಯಿಂದ ಕೈಗೆ. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಮೆಸೇಜಿನ ಮೇಲೆ ಎರಡು ಬಾಣದ ಗುರುತು.

ಓರ್ತಾ ಕೇಳಿ ತಿಳಿಯುವ ದಾರಿ ಹಿಡಿದ. ವ್ಯಾಪಾರಿಗಳನ್ನು, ಸುಲ್ತಾನನ ಆಸ್ಥಾನದ ಹಕೀಮರನ್ನು, ಸ್ಥಳೀಯ ಹಿಂದೂ ವೈದ್ಯರನ್ನು ಕೇಳಿದ. ತೋಟ ಮಾಡಿ ಗಿಡ ಬೆಳೆಸಿದ. ಇದೆಲ್ಲ ಸೇರಿ ಆದದ್ದು ಆತನ ಏಕೈಕ ದೊಡ್ಡ ಪುಸ್ತಕ. 1563ರ ಏಪ್ರಿಲ್ 10ರಂದು ಗೋವಾದಲ್ಲೇ ಅಚ್ಚಾಯಿತು. ಭಾರತದ ಗಿಡಮೂಲಿಕೆ ಮತ್ತು ಔಷಧಗಳ ಬಗೆಗಿನ ಸಂಭಾಷಣೆಗಳು ಎಂಬುದು ಅದರ ಹೆಸರಿನ ಅರ್ಥ. ಗೋವಾದಲ್ಲಿ ಅಚ್ಚಿನ ಯಂತ್ರ ಬಂದು ಇನ್ನೂ ಏಳೇ ವರ್ಷ. ಅಚ್ಚಿನ ತಪ್ಪು ಎಷ್ಟಿತ್ತೆಂದರೆ ಪುಟಗಟ್ಟಲೆ ತಿದ್ದುಪಡಿ ಪಟ್ಟಿಯನ್ನೇ ಸೇರಿಸಬೇಕಾಯಿತು. ಪೋರ್ಚುಗೀಸ್ ಭಾಷೆಯ ಮಹಾಕವಿ ಲೂಯಿಸ್ ದ ಕಮೊಯಿಸ್‌ನ ಕವಿತೆಯೊಂದು ಮೊದಲ ಬಾರಿ ಅಚ್ಚು ಕಂಡದ್ದು ಕೂಡ ಇದೇ ಪುಸ್ತಕದಲ್ಲಿ.

ಪುಸ್ತಕ ವಿದ್ವಾಂಸರ ಲ್ಯಾಟಿನ್‌ನಲ್ಲಿ ಇಲ್ಲ, ಜನರಾಡುವ ಪೋರ್ಚುಗೀಸಿನಲ್ಲಿದೆ. ಅದೂ ನಾಟಕದ ಹಾಗೆ ಮಾತುಕತೆಯ ರೂಪದಲ್ಲಿ. ಸ್ಪೇನಿನಿಂದ ಈಗಷ್ಟೇ ಬಂದ ರುವಾನೊ ಎಂಬ ಕಾಲ್ಪನಿಕ ವೈದ್ಯ ಪುಸ್ತಕದ ಮಾತುಗಳನ್ನೇ ಹಿಡಿದು ವಾದಿಸುತ್ತಾನೆ. ಓರ್ತಾ ತಾನು ಕಂಡದ್ದನ್ನು ಹೇಳುತ್ತಾನೆ. ನಡುವೆ ಆಂಟೋನಿಯಾ ಎಂಬ ಮನೆಗೆಲಸದ ಹುಡುಗಿ ಗಿಡ, ಕಾಯಿ ತಂದು ತೋರಿಸುತ್ತಾಳೆ, ಮಲುಪಾ ಎಂಬ ಸ್ಥಳೀಯ ವೈದ್ಯನೂ ಬಂದು ಹೋಗುತ್ತಾನೆ. ರುವಾನೊ ಬೇರೆ ಯಾರೂ ಅಲ್ಲ, ಹಡಗು ಹತ್ತುವ ಮುಂಚಿನ ಓರ್ತಾನೇ ಎಂದು ಓದಿದವರಿಗೆ ಅನಿಸುತ್ತದೆ. ಒಂದು ಕಡೆ ಆತ ಒಪ್ಪಿಕೊಳ್ಳುತ್ತಾನೆ: ಸ್ಪೇನಿನಲ್ಲೇ ಇದ್ದಿದ್ದರೆ ಗೇಲನ್ ವಿರುದ್ಧ ಮಾತಾಡುವ ಧೈರ್ಯ ತನಗೆ ಬರುತ್ತಿರಲಿಲ್ಲ.

ಶುಂಠಿಗೂ ಒಂದು ಅಧ್ಯಾಯ ಇದೆ. ಅದರಲ್ಲಿ ಪವಾಡ ಇಲ್ಲ. ಅರಬರು, ಪಾರಸಿಗಳು, ತುರ್ಕರು ಏನನ್ನುತ್ತಾರೆ, ದಖ್ಖನ್‌ನಲ್ಲಿ ಏನು, ಮಲಬಾರಿನಲ್ಲಿ ಏನು, ಮಲಯದಲ್ಲಿ ಏನು ಎಂದು ಹೆಸರುಗಳಿವೆ. ಎಣ್ಣೆ, ವಿನಿಗರ್, ಉಪ್ಪು ಹಾಕಿ ಹಸಿಯಾಗಿ ತಿನ್ನುವುದು, ಸಕ್ಕರೆಯಲ್ಲಿ ಇಡುವುದು, ಒಣಗಿಸಿದ ಮೇಲೆ ಹುಳ ಹಿಡಿಯದಂತೆ ಮಣ್ಣು ಮೆತ್ತುವುದು ಇಂಥ ವಿವರಗಳಿವೆ. ನನ್ನ ಮಟ್ಟಿಗೆ ಇದರಲ್ಲಿ ಮುಖ್ಯವಾದದ್ದು ಒಂದು ಸಣ್ಣ ಸಂಗತಿ: ಈ ಕಡೆಯ ಜನ ಹಸಿಯದಕ್ಕೂ ಒಣಗಿದ್ದಕ್ಕೂ ಬೇರೆ ಬೇರೆ ಹೆಸರು ಇಟ್ಟಿದ್ದಾರೆ ಎಂದು ಆತ ಗುರುತಿಸಿದ. ಹಸಿಯದು ಅದ್ರಕ್, ಒಣಗಿದ್ದು ಸೋಂಠ್. ನಮ್ಮಲ್ಲೂ ಉತ್ತರ ಕರ್ನಾಟಕದಲ್ಲಿ ಹಸಿಯದನ್ನು ಅಲ್ಲ ಎನ್ನುತ್ತಾರೆ, ಬರೀ ಶುಂಠಿ ಎಂದರೆ ಒಣಗಿದ್ದು.

ಹಾಗಾದರೆ ಶುಂಠಿಯಲ್ಲಿ ನಿಜಕ್ಕೂ ಏನಿದೆ?

ಎರಡು ಹೆಸರು ಇರುವುದಕ್ಕೆ ರಸಾಯನಶಾಸ್ತ್ರದಲ್ಲೂ ಕಾರಣ ಇದೆ. ಹಸಿಶುಂಠಿಯ ಖಾರಕ್ಕೆ ಮುಖ್ಯ ಕಾರಣ ಜಿಂಜರಾಲ್ ಎಂಬ ಅಂಶ. ಶುಂಠಿ ಒಣಗಿದಾಗ ಅಥವಾ ಬಿಸಿಯಾದಾಗ ಜಿಂಜರಾಲ್‌ನ ಅಣುವಿನಿಂದ ನೀರಿನ ಒಂದು ಅಣು ಕಳಚಿ ಶೋಗಾಲ್ ಆಗುತ್ತದೆ. ಇದು ಇನ್ನೂ ಹೆಚ್ಚು ಖಾರ. ಜಪಾನಿ ಭಾಷೆಯಲ್ಲಿ ಶೋಗಾ ಎಂದರೆ ಶುಂಠಿ, ಹೆಸರು ಅಲ್ಲಿಂದ ಬಂದದ್ದು. ಕೆಮ್ಮಿಗೆ ಅಜ್ಜಿ ಕೊಡುವ ಒಣಶುಂಠಿ ಪುಡಿ ಗಂಟಲಿಗೆ ಚುರುಕ್ ಎನ್ನುವುದು ಇದರಿಂದಲೇ.

ಈ ಶೋಗಾಲ್‌ನಿಂದಲೇ 10,000 ಪಟ್ಟಿನ ಕಥೆ ಹುಟ್ಟಿತು. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಸ್ತನ ಕ್ಯಾನ್ಸರ್ ಕೋಶಗಳ ಮೇಲೆ ಶೋಗಾಲ್ ಹಾಕಿ ನೋಡಿದ್ದರು. ಚಿಕ್ಕ ಉಂಡೆಗಳಂತೆ ಬೆಳೆದ ಒಂದು ಬಗೆಯ ಕೋಶಗಳ ಮೇಲೆ ಶೋಗಾಲ್ ಕೆಲಸ ಮಾಡಿತು. ಟ್ಯಾಕ್ಸಾಲ್ ಎಂಬ ಕೀಮೋ ಔಷಧಿ 10,000 ಪಟ್ಟು ಪ್ರಮಾಣದಲ್ಲೂ ಆ ಉಂಡೆಗಳ ಮೇಲೆ ಕೆಲಸ ಮಾಡಲಿಲ್ಲ. ಅದೇ ಅಧ್ಯಯನದಲ್ಲಿ ಹರಡಿ ಬೆಳೆದ ಮಾಮೂಲಿ ಕ್ಯಾನ್ಸರ್ ಕೋಶಗಳನ್ನು ಟ್ಯಾಕ್ಸಾಲ್ ಚೆನ್ನಾಗಿಯೇ ಕೊಂದಿತ್ತು. ಯಾವ ರೋಗಿಗೂ ಶುಂಠಿ ಕೊಟ್ಟಿರಲಿಲ್ಲ. ತಟ್ಟೆಯಲ್ಲಿ ಕೋಶ ಕೊಲ್ಲುವ ವಸ್ತುಗಳು ಬೇಕಾದಷ್ಟಿವೆ, ಅವುಗಳಲ್ಲಿ ಬಹುಪಾಲು ಔಷಧಿಯ ಹಂತಕ್ಕೆ ಬರುವುದೇ ಇಲ್ಲ. ಈ ಮೆಸೇಜ್ ನಂಬಿ ಯಾರಾದರೂ ಕೀಮೋ ಮುಂದೂಡಿದರೆ ಹೋಗುವುದು ಜೀವ. ಫಾರ್ವರ್ಡ್ ಮಾಡಿದವರಿಗೆ ಅದು ಗೊತ್ತೂ ಆಗುವುದಿಲ್ಲ.

ಹಾಗೆಂದು ಶುಂಠಿ ಬರೀ ಅಡುಗೆಯ ವಸ್ತುವೂ ಅಲ್ಲ. ಮನುಷ್ಯರ ಮೇಲೆ ನಡೆದ ಪರೀಕ್ಷೆಗಳಲ್ಲಿ ಅದಕ್ಕೆ ಹೆಚ್ಚು ಬೆಂಬಲ ಸಿಕ್ಕಿರುವುದು ವಾಕರಿಕೆಯ ವಿಷಯದಲ್ಲಿ, ಅದರಲ್ಲೂ ಗರ್ಭಿಣಿಯರ ಆರಂಭದ ತಿಂಗಳುಗಳ ವಾಕರಿಕೆಯಲ್ಲಿ. ಇಂಥ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ದಿನಕ್ಕೆ 1 ಗ್ರಾಂ ಆಸುಪಾಸು ಒಣಶುಂಠಿ ಕೊಟ್ಟಿದ್ದಾರೆ. ವಾಕರಿಕೆ ಕಡಿಮೆಯಾಗುವುದು ಕಂಡಿದೆ, ವಾಂತಿ ನಿಲ್ಲುತ್ತದೆ ಎಂಬುದಕ್ಕೆ ಆಧಾರ ಅಷ್ಟು ಗಟ್ಟಿಯಿಲ್ಲ. ಮಂಡಿನೋವಿಗೆ ಸ್ವಲ್ಪ ಉಪಯೋಗ ಆಗಬಹುದು, ಆದರೆ ಆ ವ್ಯತ್ಯಾಸ ಚಿಕ್ಕದು. ನೆಗಡಿಗೆ ಬಿಸಿ ಶುಂಠಿ ಕಷಾಯ ಹಿತ ಕೊಡುತ್ತದೆ, ವೈರಸ್ ಕೊಲ್ಲುವುದಿಲ್ಲ. ಜಾಸ್ತಿ ತಿಂದರೆ ಎದೆಯುರಿ ಬರುತ್ತದೆ. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಶುಂಠಿ ಕ್ಯಾಪ್ಸೂಲ್ ಅಥವಾ ದಿನಾ ಗಟ್ಟಿ ಕಷಾಯ ಶುರು ಮಾಡುವ ಮೊದಲು ಡಾಕ್ಟರನ್ನು ಕೇಳಲೇಬೇಕು. ಸಾರಿಗೆ ಹಾಕುವ ಒಂದು ತುಂಡಿಗೆ ಹೆದರಬೇಕಿಲ್ಲ.

ಓರ್ತಾ ಎಲ್ಲಿ ಎಡವಿದ

ಕಣ್ಣಾರೆ ನೋಡು ಎಂದವನೂ ಎಲ್ಲ ಸರಿ ಬರೆಯಲಿಲ್ಲ. ಕರಿಮೆಣಸು ಮತ್ತು ಬಿಳಿಮೆಣಸು ಬೇರೆ ಬೇರೆ ಬಳ್ಳಿಗಳದ್ದು ಎಂದು ಆತ ಬರೆದ. ಮಲೆನಾಡಿನ ಯಾವ ಬೆಳೆಗಾರರನ್ನು ಕೇಳಿದರೂ ನಗುತ್ತಾರೆ. ಬಳ್ಳಿ ಒಂದೇ. ಹಸಿರು ಕಾಳನ್ನು ಸಿಪ್ಪೆ ಸಮೇತ ಒಣಗಿಸಿದರೆ ಕರಿಮೆಣಸು, ಹಣ್ಣಾದದ್ದನ್ನು ನೆನೆಸಿ ಸಿಪ್ಪೆ ತೆಗೆದರೆ ಬಿಳಿಮೆಣಸು. ಆಡಿನಂಥ ಪ್ರಾಣಿಗಳ ಹೊಟ್ಟೆಯಲ್ಲಿ ಸಿಗುವ ಬೆಜೋವರ್ ಎಂಬ ಕಲ್ಲು ವಿಷಕ್ಕೆ ಮದ್ದು ಎಂಬುದನ್ನೂ ಆತ ಒಪ್ಪಿದ್ದ. ಆ ಕಾಲದ ರಾಜರು ಅದಕ್ಕೆ ಚಿನ್ನದ ಬೆಲೆ ಕೊಡುತ್ತಿದ್ದರು, ಅದರಿಂದ ವಿಷ ಇಳಿಯುವುದಿಲ್ಲ. ಆದರೆ ಆತನ ಬರವಣಿಗೆಯಲ್ಲಿ ಒಂದು ಅನುಕೂಲ ಇದೆ. ಇದನ್ನು ನಾನು ನೋಡಿದೆ, ಇದನ್ನು ಒಬ್ಬರಿಂದ ಕೇಳಿದೆ ಎಂದು ಬೇರೆ ಬೇರೆಯಾಗಿ ಹೇಳುವುದರಿಂದ ತಪ್ಪು ಎಲ್ಲಿಂದ ಬಂತು ಎಂದು ಮುಂದಿನವರು ಹುಡುಕಬಹುದಿತ್ತು. ಕಾಲರಾ ರೋಗಿಯನ್ನು ಕಂಡು ಬರೆದ ವಿವರ ಇವತ್ತಿಗೂ ವೈದ್ಯಕೀಯ ಇತಿಹಾಸದಲ್ಲಿ ಉಲ್ಲೇಖವಾಗುತ್ತದೆ.

ಪುಸ್ತಕದ ಉದ್ದಕ್ಕೂ ಇಷ್ಟು ನೇರವಾಗಿ ಮಾತಾಡುವ ಮನುಷ್ಯ ಒಂದು ವಿಷಯದಲ್ಲಿ ಮಾತ್ರ ಬಾಯಿ ಬಿಡುವಂತಿರಲಿಲ್ಲ. ತನ್ನ ಕುಟುಂಬದ ನಂಬಿಕೆ. ತಾಯಿ ಮತ್ತು ತಂಗಿಯರು 1549ರಲ್ಲಿ ಗೋವಾಕ್ಕೆ ಬಂದು ಸೇರಿಕೊಂಡಿದ್ದರು. ತಂಗಿಯರು ಅದಾಗಲೇ ಲಿಸ್ಬನ್‌ನಲ್ಲಿ ಇನ್‌ಕ್ವಿಸಿಷನ್‌ನ ಸೆರೆ ಕಂಡು ಬಂದವರು. 1560ರಲ್ಲಿ ಗೋವಾದಲ್ಲೂ ಇನ್‌ಕ್ವಿಸಿಷನ್ ಕಚೇರಿ ತೆರೆಯಿತು. ಶುಂಠಿ, ಮೆಣಸು, ಇಂಗಿನ ಬಗ್ಗೆ ಓರ್ತಾ ಬರೆದ ಪುಸ್ತಕ ಅಚ್ಚಾದದ್ದು ಅದರ ಮೂರು ವರ್ಷದ ನಂತರ, ಅದೇ ಊರಿನಲ್ಲಿ. ದೊಡ್ಡ ಅಧಿಕಾರಿಗಳ ಸ್ನೇಹ ಇರುವವರೆಗೆ ಯಾರೂ ಆತನನ್ನು ಮುಟ್ಟಲಿಲ್ಲ.

1568ರಲ್ಲಿ ಓರ್ತಾ ತೀರಿಕೊಂಡ. ಮರುವರ್ಷವೇ, 1569ರಲ್ಲಿ, ತಂಗಿ ಕತರೀನಾಳನ್ನು ಯಹೂದಿ ಎಂಬ ಕಾರಣಕ್ಕೆ ಗೋವಾದಲ್ಲಿ ಜೀವಂತ ಸುಟ್ಟರು. ವಿಚಾರಣೆಯಲ್ಲಿ ಕುಟುಂಬದವರಿಂದ ಪಡೆದ ಹೇಳಿಕೆಗಳಲ್ಲಿ ಓರ್ತಾನ ಹೆಸರೂ ಬಂತು. 1580ರ ಡಿಸೆಂಬರ್ 4ರಂದು, ಸತ್ತು ಹನ್ನೆರಡು ವರ್ಷವಾಗಿದ್ದ ಆತನ ಮೂಳೆಗಳನ್ನು ಗೋರಿಯಿಂದ ಅಗೆದು ತೆಗೆದು ಸುಟ್ಟರು.

ಅಷ್ಟು ಹೊತ್ತಿಗೆ ಪುಸ್ತಕ ಯೂರೋಪ್ ತಲುಪಿಯಾಗಿತ್ತು. ಕ್ಲೂಸಿಯಸ್ ಎಂಬ ಸಸ್ಯಶಾಸ್ತ್ರಜ್ಞ ಅದನ್ನು ಲ್ಯಾಟಿನ್‌ಗೆ ಸಂಕ್ಷೇಪಿಸಿ 1567ರಲ್ಲೇ ಆಂಟ್‌ವರ್ಪ್‌ನಲ್ಲಿ ಅಚ್ಚು ಹಾಕಿಸಿದ್ದ. ಮುಂದೆ ಅದೇ ಮತ್ತೆ ಮತ್ತೆ ಅಚ್ಚಾಯಿತು. ಸಂಕ್ಷೇಪಿಸುವಾಗ ಆತ ರುವಾನೊ ಜೊತೆಗಿನ ವಾದವನ್ನೆಲ್ಲ ತೆಗೆದುಹಾಕಿ ಮಾಹಿತಿಯನ್ನು ಮಾತ್ರ ಉಳಿಸಿದ. ಯಾರು ನೋಡಿದರು, ಯಾರು ಕೇಳಿದರು, ಯಾವುದಕ್ಕೆ ಅನುಮಾನಪಟ್ಟರು ಎಂಬ ಭಾಗದಲ್ಲಿ ಬಹಳಷ್ಟು ಹಾಗೆಯೇ ಕಳೆದುಹೋಯಿತು. ಪಣಜಿಗೆ ಹೋದರೆ ದೊಡ್ಡ ಚರ್ಚಿನ ಎದುರಿಗೆ ಗಾರ್ಸಿಯಾ ದ ಓರ್ತಾ ಹೆಸರಿನ ಉದ್ಯಾನ ಇದೆ.