ರೇ ಚಾರ್ಲ್ಸ್: ಕಣ್ಣಿಲ್ಲದ ಮಗ, ಕೈಬಿಡದ ತಾಯಿ

ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಗ್ರೀನ್‌ವಿಲ್ ಎಂಬುದೊಂದು ಪುಟ್ಟ ಊರು. 1930ರ ದಶಕದ ಕೊನೆಯ ಮಾತಿದು. ಅಲ್ಲಿ ಕುರುಡು ಹುಡುಗನೊಬ್ಬ ಕೊಡಲಿ ಹಿಡಿದು ಸೌದೆ ಒಡೆಯುತ್ತಿದ್ದ, ನೆಲ ತೊಳೆಯುತ್ತಿದ್ದ, ಬಟ್ಟೆ ಒಗೆಯುತ್ತಿದ್ದ. ಇದನ್ನು ಕಂಡ ನೆರೆಹೊರೆಯವರು ಈ ತಾಯಿಗೆ ಕರುಳೇ ಇಲ್ಲವೆಂದು ಆಡಿಕೊಂಡರು. ತಾಯಿ ರೆಥಾ ಮಾತ್ರ ಜಗ್ಗಲಿಲ್ಲ. ಮಗ ಕಳೆದುಕೊಂಡಿರುವುದು ಕಣ್ಣನ್ನೇ ಹೊರತು ಬುದ್ಧಿಯನ್ನಲ್ಲ ಎಂಬುದು ಆಕೆಯ ನಿಲುವು. ತಾನು ಸದಾಕಾಲ ಅವನ ಜೊತೆ ಇರಲಾರೆ ಎಂಬುದನ್ನೂ ಆಕೆ ಬಲ್ಲಳು.

ಆ ಹುಡುಗನೇ ಮುಂದೆ ಜಗತ್ಪ್ರಸಿದ್ಧನಾದ ಗಾಯಕ ರೇ ಚಾರ್ಲ್ಸ್.

ರೇ ಹುಟ್ಟಿದ್ದು 1930ರ ಸೆಪ್ಟೆಂಬರ್ 23ರಂದು, ಜಾರ್ಜಿಯಾ ರಾಜ್ಯದ ಆಲ್ಬನಿಯಲ್ಲಿ. ಪೂರ್ಣ ಹೆಸರು ರೇ ಚಾರ್ಲ್ಸ್ ರಾಬಿನ್ಸನ್. ತಂದೆ ಮನೆಯಲ್ಲಿದ್ದುದೇ ಅಪರೂಪ. ಇನ್ನೂ ಹದಿಹರೆಯದಲ್ಲಿದ್ದ ತಾಯಿ ಪರರ ಬಟ್ಟೆ ಒಗೆದು ಸಂಸಾರ ಸಾಗಿಸುತ್ತಿದ್ದಳು. ರೇಗೆ ಸುಮಾರು ಐದು ವರ್ಷವಾಗಿದ್ದಾಗ, ತಮ್ಮ ಜಾರ್ಜ್ ಅದೇ ಒಗೆಯುವ ತೊಟ್ಟಿಯ ನೀರಿಗೆ ಬಿದ್ದ. ಅಣ್ಣ ಅವನನ್ನು ಮೇಲೆಳೆಯಲು ಹೆಣಗಾಡಿದ. ಆದರೆ ನೆನೆದ ಬಟ್ಟೆಯ ಭಾರವನ್ನು ಎತ್ತುವ ಶಕ್ತಿ ಆ ಪುಟ್ಟ ಕೈಗಳಿಗೆ ಇರಲಿಲ್ಲ. ತಾಯಿಯನ್ನು ಕೂಗಿ ಕರೆತರುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ಆ ದೃಶ್ಯ ಅವರನ್ನು ಜೀವನವಿಡೀ ಕಾಡಿತು. ಅದಾದ ಕೆಲವೇ ತಿಂಗಳಲ್ಲಿ ಅವರ ದೃಷ್ಟಿ ಮಸುಕಾಗತೊಡಗಿತು. ಏಳನೆಯ ವಯಸ್ಸಿಗೆ ಪೂರ್ತಿ ಕತ್ತಲೆ. ಗ್ಲಾಕೋಮಾ ಕಾಯಿಲೆಯೇ ಕಾರಣವಿರಬೇಕೆಂದು ಅನಂತರ ತಿಳಿದವರು ಹೇಳಿದರು.

ಒಬ್ಬ ಮಗನನ್ನು ಕಳೆದುಕೊಂಡಿದ್ದ ತಾಯಿ ಉಳಿದೊಬ್ಬನನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆಕೆ ಹಾಗೆ ಮಾಡದೆ, 1937ರಲ್ಲಿ ಅವನನ್ನು ಸೇಂಟ್ ಆಗಸ್ಟಿನ್ ಪಟ್ಟಣದ ಕಿವುಡ ಮತ್ತು ಕುರುಡ ಮಕ್ಕಳ ಸರ್ಕಾರಿ ಶಾಲೆಗೆ ಕಳುಹಿಸಿದಳು. ಅಲ್ಲಿ ಬಿಳಿಯ ಮಕ್ಕಳಿಗೂ ಕಪ್ಪು ಮಕ್ಕಳಿಗೂ ಬೇರೆ ಬೇರೆ ವ್ಯವಸ್ಥೆ. ಬಣ್ಣವೆಂದರೇನೆಂದು ಕಾಣಲಾರದ ಮಕ್ಕಳನ್ನೂ ಮೈಬಣ್ಣ ನೋಡಿ ಬೇರ್ಪಡಿಸಿದ ಕಾಲವದು! ಆ ಶಾಲೆಯಲ್ಲೇ ರೇ ಬ್ರೈಲ್ ಲಿಪಿಯಲ್ಲಿ ಸಂಗೀತ ಓದಲು ಕಲಿತರು. ಪಿಯಾನೋದ ಮೊದಲ ಪಾಠ ಮಾತ್ರ ಊರಿನಲ್ಲೇ ಆಗಿತ್ತು. ಸಣ್ಣದೊಂದು ಹೋಟೆಲ್ ನಡೆಸುತ್ತಿದ್ದ ವೈಲಿ ಪಿಟ್‌ಮನ್ ಎಂಬವರು, ತಾವು ನುಡಿಸುತ್ತಿದ್ದುದನ್ನು ನಿಲ್ಲಿಸಿ ಆ ಬಾಲಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಸ್ವರ ತೋರಿಸಿಕೊಡುತ್ತಿದ್ದರು.

1945ರಲ್ಲಿ ತಾಯಿ ತೀರಿಹೋದಳು. ರೇಗೆ ಆಗ ಹದಿನಾಲ್ಕು. ಶಾಲೆಯಿಂದ ಊರಿಗೆ ಬಂದ ಹುಡುಗ ಅಳಲೂ ಇಲ್ಲ, ಊಟ ಮಾಡಲೂ ಇಲ್ಲ, ಕಲ್ಲಿನಂತೆ ಕುಳಿತ. ಊರವರು ಮಾ ಬೆಕ್ ಎಂದು ಕರೆಯುತ್ತಿದ್ದ ವೃದ್ಧೆಯೊಬ್ಬಳು, ಅಮ್ಮ ಕಲಿಸಿದ್ದನ್ನು ನೆನಪಿಸಿ ಗದರಿಸಿದ ಮೇಲೆಯೇ ಅವನ ದುಃಖದ ಕಟ್ಟೆ ಒಡೆದದ್ದು. ಕುರುಡುತನಕ್ಕಿಂತಲೂ ತಮ್ಮನ ಮತ್ತು ತಾಯಿಯ ಸಾವೇ ತಮ್ಮ ಬಾಳಿನ ದೊಡ್ಡ ಪೆಟ್ಟು ಎಂದು ರೇ ಮುಂದೆ ಹೇಳಿಕೊಂಡರು.

ಅನಂತರದ್ದು ಅಲೆದಾಟ. ಫ್ಲಾರಿಡಾದ ನಗರಗಳಲ್ಲಿ ಪಿಯಾನೋ ನುಡಿಸುತ್ತಾ ಹಸಿವನ್ನೂ ಉಂಡರು. ಹದಿನೇಳರ ಹರೆಯದಲ್ಲಿ, ಭೂಪಟದಲ್ಲಿ ಅಲ್ಲಿಂದ ಅತಿ ದೂರದ ನಗರ ಯಾವುದೆಂದು ಗೆಳೆಯನನ್ನು ಕೇಳಿ, 1948ರಲ್ಲಿ ಸಿಯಾಟಲ್‌ಗೆ ಬಸ್ಸು ಹತ್ತಿದರು. ಕೈಯಲ್ಲಿ ಕೋಲಿಲ್ಲ, ದಾರಿ ತೋರಿಸುವ ನಾಯಿಯೂ ಇಲ್ಲ. ಇವೆರಡೂ ಕುರುಡನ ಅಸಹಾಯಕತೆಯ ಗುರುತುಗಳೆಂದು ಅವರು ಚಿಕ್ಕಂದಿನಿಂದಲೇ ದೂರವಿಟ್ಟಿದ್ದರು.

ಆ ಕಾಲದಲ್ಲಿ ಕಪ್ಪು ಜನರ ಜನಪ್ರಿಯ ಸಂಗೀತಕ್ಕೆ 1949ರಿಂದ ರಿದಮ್ ಅಂಡ್ ಬ್ಲೂಸ್ ಎಂಬ ಹೆಸರು ಬಂತು. ಅದಕ್ಕೆ ಹೊಸ ಜೀವ ಕೊಟ್ಟವರಲ್ಲಿ ರೇ ಚಾರ್ಲ್ಸ್ ಪ್ರಮುಖರು. 1954ರ ಕೊನೆಯಲ್ಲಿ ಹೊರಬಂದ ಐ ಗಾಟ್ ಎ ವುಮನ್ ಎಂಬ ಹಾಡಿನಲ್ಲಿ ಅವರು ಪ್ರಾರ್ಥನಾಮಂದಿರದ ಭಕ್ತಿಗೀತೆಯ ಧಾಟಿಗೆ ಲೌಕಿಕ ಪ್ರೇಮದ ಮಾತುಗಳನ್ನು ಜೋಡಿಸಿದರು. ಬೋಧಕ ಕೂಗಿ ಹೇಳುವುದು, ಸಭೆ ಅದಕ್ಕೆ ದನಿಗೂಡಿಸುವುದು ಕಪ್ಪು ಕ್ರೈಸ್ತರ ಆರಾಧನೆಯ ರೀತಿ. ಅದೇ ರೀತಿ 1959ರ ವಾಟ್'ಡ್ ಐ ಸೇ ಹಾಡಿನಲ್ಲಿ ನೃತ್ಯಶಾಲೆಗೆ ಬಂತು. ದೇವರ ಸಂಗೀತವನ್ನು ಬೀದಿಗೆಳೆದರೆಂದು ಭಕ್ತರು ನೊಂದರು. ಆ ನೋವನ್ನು ಹಗುರವಾಗಿ ಕಾಣಲಾಗದು. ಆದರೆ ಬ್ಯಾಪ್ಟಿಸ್ಟ್ ಸಭೆಯಲ್ಲಿ ಹಾಡುತ್ತಾ ಬೆಳೆದವನಿಗೆ ಮನಸ್ಸು ಬಿಚ್ಚಿ ಹಾಡುವ ಬೇರೆ ಭಾಷೆ ಯಾವುದಿತ್ತು? ತಾನು ಹಾಡುವುದೇ ಹೀಗೆ ಎಂಬುದಷ್ಟೇ ರೇ ಅವರ ಉತ್ತರವಾಗಿತ್ತು.

1960ರಲ್ಲಿ ಜಾರ್ಜಿಯಾ ಆನ್ ಮೈ ಮೈಂಡ್ ಅವರನ್ನು ಮನೆಮಾತಾಗಿಸಿತು. ಮರುವರ್ಷ ಅದೇ ರಾಜ್ಯದ ಆಗಸ್ಟಾ ನಗರದಲ್ಲಿ ಕಾರ್ಯಕ್ರಮ ನಿಗದಿಯಾಗಿತ್ತು. ಸಭಾಂಗಣದಲ್ಲಿ ಕಪ್ಪು ಜನರನ್ನು ಪ್ರತ್ಯೇಕವಾಗಿ ಕೂರಿಸುತ್ತಾರೆಂದು ವಿದ್ಯಾರ್ಥಿಗಳಿಂದ ತಿಳಿದ ರೇ ಹಾಡಲು ಒಪ್ಪಲಿಲ್ಲ. ನ್ಯಾಯಾಲಯ ವಿಧಿಸಿದ 757 ಡಾಲರ್ ದಂಡ ತೆತ್ತರು. 1979ರಲ್ಲಿ ಅದೇ ಜಾರ್ಜಿಯಾದ ಶಾಸನಸಭೆಯಲ್ಲಿ ನಿಂತು ಆ ಹಾಡನ್ನು ಹಾಡಿದರು. ಅದೇ ವರ್ಷ ಅದು ರಾಜ್ಯದ ಅಧಿಕೃತ ಗೀತೆಯಾಯಿತು.

ಇಷ್ಟಾದರೂ ಈ ಬಾಳಿಗೆ ಕರಾಳ ಮುಖವೂ ಇದೆ. ಹದಿಹರೆಯದಲ್ಲೇ ಅಂಟಿದ ಹೆರಾಯಿನ್ ಚಟ ಸುಮಾರು ಹದಿನೇಳು ವರ್ಷ ಬಿಡಲಿಲ್ಲ. 1964ರಲ್ಲಿ ಬೋಸ್ಟನ್ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರು. ಅದೇ ಸುಮಾರಿಗೆ ಹಿರಿಯ ಮಗನ ಬೇಸ್‌ಬಾಲ್ ತಂಡದ ಔತಣವೊಂದಿತ್ತು. ಧ್ವನಿಮುದ್ರಣಕ್ಕೆಂದು ಅರ್ಧದಲ್ಲೇ ಎದ್ದು ಹೊರಟ ಅಪ್ಪನಿಗಾಗಿ ಹುಡುಗ ಅತ್ತ. ತಾನು ಜೈಲಿಗೆ ಹೋದರೆ ಈ ಮಗ ಏನೇನು ಕೇಳಿಸಿಕೊಳ್ಳಬೇಕೋ ಎಂಬ ಯೋಚನೆ ಅವರನ್ನು ಚುಚ್ಚಿತು. 1965ರಲ್ಲಿ ಸಂಗೀತ ಕಚೇರಿಗಳನ್ನೆಲ್ಲ ನಿಲ್ಲಿಸಿ ಕ್ಯಾಲಿಫೋರ್ನಿಯಾದ ಲಿನ್‌ವುಡ್‌ನಲ್ಲಿರುವ ಸಂತ ಫ್ರಾನ್ಸಿಸ್ ಆಸ್ಪತ್ರೆ ಸೇರಿದರು. ಚಟವನ್ನು ಒಮ್ಮೆಗೇ ಬಿಟ್ಟು, ಮೈ ಹಿಂಡುವ ಯಾತನೆಯನ್ನು ಸಹಿಸಿ, ಗೆದ್ದು ಹೊರಬಂದರು. ಮತ್ತೆ ಹೆರಾಯಿನ್ ಮುಟ್ಟಲಿಲ್ಲ. ಮದ್ಯವನ್ನು ಮಾತ್ರ ಬಿಡಲಾಗಲಿಲ್ಲ.

ಕುಟುಂಬದ ವಿಷಯದಲ್ಲಿ ಅವರನ್ನು ಆದರ್ಶವೆನ್ನಲಾಗದು. ಎರಡು ಮದುವೆಗಳೂ ಮುರಿದವು. ಹಲವು ಸ್ತ್ರೀಯರಿಂದ ಹನ್ನೆರಡು ಮಕ್ಕಳು. ವರ್ಷದ ಬಹುಭಾಗ ಊರೂರು ಸುತ್ತುತ್ತಿದ್ದ ತಂದೆ ಮಕ್ಕಳಿಗೆ ಸಿಕ್ಕಿದ್ದು ಕಡಿಮೆ. 2002ರಲ್ಲಿ ಅವರನ್ನು ಒಟ್ಟುಗೂಡಿಸಿ ಒಬ್ಬೊಬ್ಬರಿಗೂ ಐದು ಲಕ್ಷ ಡಾಲರ್ ಕೊಡುವ ಏರ್ಪಾಡು ಮಾಡಿದರು. 2004ರ ಜೂನ್ 10ರಂದು ಯಕೃತ್ತಿನ ಕಾಯಿಲೆಯಿಂದ, 73ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮರಣಾನಂತರ ಬಂದ ಜೀನಿಯಸ್ ಲವ್ಸ್ ಕಂಪನಿ ಎಂಬ ಆಲ್ಬಮ್ 2005ರಲ್ಲಿ ಎಂಟು ಗ್ರ್ಯಾಮಿ ಪ್ರಶಸ್ತಿಗಳನ್ನು ಗಳಿಸಿತು.

ರೆಥಾಳ ಬಳಿ ಹಣವಿರಲಿಲ್ಲ, ಆಯುಷ್ಯವೂ ಹೆಚ್ಚಿರಲಿಲ್ಲ. ಇದ್ದ ಕೆಲವೇ ವರ್ಷ ಮಗನ ಪಕ್ಕದಲ್ಲಿ ನಿಂತು, ಅವನು ತಪ್ಪಿದರೂ ಮತ್ತೆ ಮಾಡಲು ಹಚ್ಚಿದಳು. ಮಗನ ಬಳಿ ಎಲ್ಲವೂ ಇತ್ತು. ಆದರೆ ತಾಯಿ ಕೊಟ್ಟಂತಹ ಆ ಸಾಮೀಪ್ಯವನ್ನು ತನ್ನ ಮಕ್ಕಳಿಗೆ ಕೊಡಲಾಗಲಿಲ್ಲ. ಪಡೆದದ್ದನ್ನೆಲ್ಲ ನಾವು ಮುಂದಿನವರಿಗೆ ದಾಟಿಸುತ್ತೇವೆಂಬ ಖಾತರಿ ಯಾರಿಗೂ ಇಲ್ಲ. ನಮ್ಮ ಮನೆಗಳಲ್ಲೂ ಅಂಗವೈಕಲ್ಯವಿರುವ ಮಗುವನ್ನು ಪ್ರೀತಿಯಿಂದಲೇ ಮೂಲೆಯಲ್ಲಿ ಕೂರಿಸುತ್ತೇವೆ. ಗಟ್ಟಿಮುಟ್ಟಾಗಿರುವ ಮಗುವಿಗೆ ಶುಲ್ಕ ಕಟ್ಟಿ ನಮ್ಮ ಕೆಲಸಕ್ಕೆ ಓಡುತ್ತೇವೆ. ಇಬ್ಬರಿಗೂ ಬೇಕಾದದ್ದು ಒಂದೇ: ಕೈಗೆ ಒಂದು ಕೆಲಸ, ಅದನ್ನು ಕಲಿಯುವವರೆಗೆ ಪಕ್ಕದಲ್ಲಿ ನಿಲ್ಲುವ ಒಬ್ಬ ಅಪ್ಪ ಅಥವಾ ಅಮ್ಮ.